ಸೂರ್ಯನ ಕಲೆ ಹೆಚ್ಚಾದರೆ ಪಾವಗಡದಲ್ಲಿ ಮಳೆ ಕಡಿಮೆಯಾಗುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಖುಷ್ಕಿ ಜಮೀನು. ಅರ್ಧ ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋಗಿದೆ, ಉಳಿದದ್ದರಲ್ಲಿ ಕಡ್ಲೆಕಾಯಿ ಹಾಕ್ತೀವಿ. ಸೂರ್ಯನ ಮೇಲೆ 11 ವರ್ಷಕ್ಕೊಮ್ಮೆ ಕಪ್ಪು ಕಲೆಗಳು ಜಾಸ್ತಿಯಾಗುತ್ತವೆ, ಆಗ ಬಿಸಿಲು ಏರಿ ಮಳೆ ಕೈಕೊಡುತ್ತದೆ, ಕರೆಂಟು, ಮೊಬೈಲು ಎಲ್ಲ ನಿಂತುಹೋಗುತ್ತದೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ನಮ್ಮ ತಾತನೂ ಹನ್ನೆರಡು ವರ್ಷಕ್ಕೊಂದು ದೊಡ್ಡ ಬರ ಅನ್ನುತ್ತಿದ್ದರು. ಇದರಲ್ಲಿ ಎಷ್ಟು ನಿಜ? ಇದನ್ನು ನೋಡಿಕೊಂಡು ಬಿತ್ತನೆ ಮಾಡಬಹುದಾ? ಸೋಲಾರ್ ಪ್ಯಾನೆಲ್‌ಗೆ ಏನಾದರೂ ಆಗುತ್ತಾ? ಎಂಟನೇ ಕ್ಲಾಸಿನ ಮಗಳು ಆ ಕಲೆ ನೋಡಲೇಬೇಕು ಅಂತ ಹಟ ಹಿಡಿದಿದ್ದಾಳೆ. ತೋರಿಸುವ ದಾರಿ ಇದೆಯಾ?

ಉತ್ತರ: ಬಿತ್ತನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಅದರಲ್ಲಿ ನಿಮ್ಮ ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲ ಸೇರಿದೆ. ಸೂರ್ಯನ ಕಲೆಗಳ ಲೆಕ್ಕ ನೋಡಿಕೊಂಡು ದಯವಿಟ್ಟು ಬಿತ್ತನೆ ಮಾಡಬೇಡಿ. ಕಲೆಗಳು ನಿಜ. 11 ವರ್ಷದ ಚಕ್ರವೂ ನಿಜ. ಅದರಿಂದ ಭೂಮಿಯ ಮೇಲೆ ಪರಿಣಾಮ ಆಗುವುದೂ ನಿಜ. ಆದರೆ ಆ ಪರಿಣಾಮ ಎದ್ದು ಕಾಣುವುದು ನಮ್ಮ ತಲೆಯ ಮೇಲೆ ನೂರಾರು ಕಿಲೋಮೀಟರ್ ಎತ್ತರದಲ್ಲಿ. ಉಪಗ್ರಹ, ಜಿಪಿಎಸ್, ರೇಡಿಯೋ ಅಲೆ ಇವುಗಳಿಗೆ ಅದು ಚೆನ್ನಾಗಿಯೇ ತಟ್ಟುತ್ತದೆ. ಪಾವಗಡದ ಹೊಲಕ್ಕೆ ಈ ಸಲ ಹದವಾದ ಮಳೆ ಬೀಳುತ್ತಾ ಇಲ್ವಾ ಅನ್ನುವುದು ಅದರ ಕೈಯಲ್ಲಿಲ್ಲ. ಹೇಗೆ ಗೊತ್ತು ಅನ್ನುವುದನ್ನು ವಿವರವಾಗಿಯೇ ಹೇಳುತ್ತೇನೆ. ಯಾಕಂದ್ರೆ ಇದೇ ಪ್ರಶ್ನೆಯನ್ನು ಸುಮಾರು 150 ವರ್ಷದ ಹಿಂದೆ ದೊಡ್ಡ ದೊಡ್ಡವರು ಕೇಳಿದ್ದರು, ಅವರು ಹಾಗೆ ಕೇಳಲು ಕಾರಣವೂ ನಮ್ಮ ಈ ಕಡೆಯ ಬರಗಾಲವೇ.

ಮೊದಲು ಕಲೆ ಅಂದ್ರೆ ಏನು ಅನ್ನುವುದು. ಸೂರ್ಯನ ಮೇಲ್ಮೈಯ ಬಿಸಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಕಲೆ ಇರುವ ಜಾಗದಲ್ಲಿ ಅದು 3,500ರಿಂದ 4,000 ಡಿಗ್ರಿಗೆ ಇಳಿದಿರುತ್ತದೆ. ಸುತ್ತಲಿನ ಜಾಗ ಅಷ್ಟು ಪ್ರಖರವಾಗಿ ಹೊಳೆಯುವುದರಿಂದ ಇದು ನಮಗೆ ಕಪ್ಪಾಗಿ ಕಾಣುತ್ತದೆ. ಒಂದು ಕಲೆಯನ್ನು ಮಾತ್ರ ಕಿತ್ತು ರಾತ್ರಿ ಆಕಾಶದಲ್ಲಿ ಇಟ್ಟರೆ ಅದು ಹುಣ್ಣಿಮೆ ಚಂದ್ರನಿಗಿಂತ ಜಾಸ್ತಿ ಬೆಳಗುತ್ತದೆ. ಗಾತ್ರವೂ ಸಣ್ಣದೇನಲ್ಲ. ಮಾಮೂಲಿ ಕಲೆಯೇ ಭೂಮಿಯಷ್ಟು ಅಗಲ ಇರುತ್ತದೆ. 2024ರ ಮೇ ತಿಂಗಳಲ್ಲಿ ಸುದ್ದಿಯಾದ ಒಂದು ಕಲೆಗುಂಪಿನಲ್ಲಿ ಹದಿನೈದು ಭೂಮಿಗಳನ್ನು ಒಂದರ ಪಕ್ಕ ಒಂದು ಜೋಡಿಸಬಹುದಿತ್ತು.

ಆ ಜಾಗ ತಣ್ಣಗಾಗುವುದು ಯಾಕೆ ಅಂದರೆ, ಅಲ್ಲಿ ಕಾಂತಶಕ್ತಿ ವಿಪರೀತ. ಕಾಂತಕ್ಷೇತ್ರದ ಬಲವನ್ನು ಗೌಸ್ ಅನ್ನುವ ಮಾನದಲ್ಲಿ ಅಳೆಯುತ್ತಾರೆ. ಭೂಮಿಯ ಕಾಂತಕ್ಷೇತ್ರ ಅರ್ಧ ಗೌಸ್‌ನ ಆಸುಪಾಸಿನಲ್ಲಿದ್ದರೆ ಕಲೆಯೊಳಗೆ ಅದು 2,000ದಿಂದ 4,000 ಗೌಸ್ ಇರುತ್ತದೆ. ಇದನ್ನು 1908ರಲ್ಲಿ ಕಂಡುಹಿಡಿದವರು ಅಮೆರಿಕದ ಜಾರ್ಜ್ ಎಲ್ಲರಿ ಹೇಲ್. ಇಷ್ಟು ಬಲವಾದ ಕಾಂತಕ್ಷೇತ್ರ, ಒಳಗಿನಿಂದ ಕುದಿಯುತ್ತ ಮೇಲೆ ಬರುವ ಬಿಸಿ ಅನಿಲವನ್ನು ಅಲ್ಲೇ ತಡೆದು ನಿಲ್ಲಿಸುತ್ತದೆ. ಬಿಸಿ ಮೇಲೆ ಬರದಿದ್ದರೆ ಮೇಲ್ಮೈ ತಣ್ಣಗಾಗಲೇಬೇಕಲ್ವಾ.

ಇನ್ನು ಚಕ್ರದ ವಿಷಯ. ಸೂರ್ಯ ಭೂಮಿಯ ಹಾಗೆ ಗಟ್ಟಿ ಗೋಳವಲ್ಲ. ಅದರ ಮಧ್ಯದ ಸೊಂಟದ ಭಾಗ ಸುಮಾರು 25 ದಿನಕ್ಕೆ ಒಂದು ಸುತ್ತು ಬರುತ್ತದೆ, ಧ್ರುವಗಳ ಹತ್ತಿರದ ಭಾಗ ಸುಮಾರು 35 ದಿನ ತೆಗೆದುಕೊಳ್ಳುತ್ತದೆ. ಒಂದೇ ಮೈಯಲ್ಲಿ ಒಂದು ಕಡೆ ಜೋರು, ಇನ್ನೊಂದು ಕಡೆ ನಿಧಾನ. ಹೀಗಾಗಿ ಉತ್ತರ–ದಕ್ಷಿಣವಾಗಿ ಹಾಸಿಕೊಂಡಿದ್ದ ಕಾಂತರೇಖೆಗಳು ಹಗ್ಗ ಹೊಸೆದಂತೆ ವರ್ಷದಿಂದ ವರ್ಷಕ್ಕೆ ಹುರಿಗೊಳ್ಳುತ್ತ ಹೋಗುತ್ತವೆ. ಹುರಿ ಮಿತಿಮೀರಿದ ಕಡೆ ಅವು ಗಂಟಾಗಿ ಮೇಲೆದ್ದು ಬರುತ್ತವೆ, ಅಲ್ಲೇ ಕಲೆ ಮೂಡುತ್ತದೆ. ಕೆಲವು ವರ್ಷ ಕಲೆಗಳು ಏರುತ್ತವೆ, ತುದಿ ಮುಟ್ಟುತ್ತವೆ, ಆಮೇಲೆ ಇಳಿಯುತ್ತವೆ. ಅಷ್ಟರಲ್ಲಿ ಸೂರ್ಯನ ಕಾಂತಕ್ಷೇತ್ರದ ಉತ್ತರ ಧ್ರುವ, ದಕ್ಷಿಣ ಧ್ರುವ ಅದಲುಬದಲಾಗಿರುತ್ತವೆ. ಮತ್ತೆ ಮೊದಲಿನಿಂದ ಶುರು. ಧ್ರುವಗಳು ಹಳೆಯ ಸ್ಥಿತಿಗೇ ಬರಬೇಕಾದರೆ ಎರಡು ಚಕ್ರ, ಅಂದರೆ ಸುಮಾರು 22 ವರ್ಷ ಬೇಕು.

ಈ ಚಕ್ರವನ್ನು ಮೊದಲು ಗುರುತಿಸಿದವರು ಜರ್ಮನಿಯ ಡೆಸ್ಸೌ ಊರಿನ ಸ್ಯಾಮ್ಯುಯೆಲ್ ಹೈನ್ರಿಕ್ ಶ್ವಾಬೆ. ಔಷಧಿ ವ್ಯಾಪಾರ ಅವರ ಕಸುಬು. ಬುಧ ಗ್ರಹಕ್ಕಿಂತ ಒಳಗೆ ಇನ್ನೊಂದು ಗ್ರಹ ಇರಬಹುದು, ಅದು ಸೂರ್ಯನ ಮುಂದೆ ಹಾದುಹೋಗುವಾಗ ಸಿಕ್ಕಿಬೀಳುತ್ತದೆ ಅನ್ನುವ ಆಸೆಯಿಂದ 1826ರಿಂದ ಬಿಸಿಲಿದ್ದ ದಿನವೆಲ್ಲ ಸೂರ್ಯನನ್ನು ನೋಡಿ ಕಲೆಗಳನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಗ್ರಹ ಸಿಗಲಿಲ್ಲ. 17 ವರ್ಷದ ಲೆಕ್ಕ ಮುಂದಿಟ್ಟುಕೊಂಡು ನೋಡಿದಾಗ ಕಲೆಗಳು ಸುಮಾರು 10 ವರ್ಷಕ್ಕೊಮ್ಮೆ ಏರಿಳಿಯುವುದು ಕಣ್ಣಿಗೆ ಬಿತ್ತು. ಆ ತಾಳ್ಮೆಗೆ ಎಷ್ಟು ಗೌರವ ಕೊಟ್ಟರೂ ಸಾಲದು. ಆಮೇಲೆ ಸ್ವಿಟ್ಜರ್ಲೆಂಡಿನ ಖಗೋಳ ವಿಜ್ಞಾನಿ ರುಡಾಲ್ಫ್ ವುಲ್ಫ್ ಹಳೆಯ ದಾಖಲೆಗಳನ್ನು ಹುಡುಕಿ ತೆಗೆದು 1755ರಿಂದ ಶುರುವಾದ ಚಕ್ರಕ್ಕೆ 1 ಅಂತ ನಂಬರ್ ಕೊಟ್ಟರು. ಆ ಲೆಕ್ಕದಲ್ಲಿ ಈಗ ನಡೆಯುತ್ತಿರುವುದು 25ನೇ ಚಕ್ರ. ಶುರುವಾದದ್ದು 2019ರ ಡಿಸೆಂಬರಿನಲ್ಲಿ. ಗರಿಷ್ಠ ಘಟ್ಟಕ್ಕೆ ಬಂದಿದ್ದೇವೆ ಎಂದು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಮತ್ತು ಹವಾಮಾನ ನೋಡಿಕೊಳ್ಳುವ ಸಂಸ್ಥೆ ನೋವಾ 2024ರ ಅಕ್ಟೋಬರಿನಲ್ಲಿ ಪ್ರಕಟಿಸಿದವು.

ಇಲ್ಲಿ ನಿಮ್ಮ ತಾತನ ಮಾತಿಗೆ ಬರುತ್ತೇನೆ. ಹನ್ನೆರಡು ವರ್ಷದ ಬರ ಅನ್ನುವ ಮಾತು ನಮ್ಮ ಕಡೆ ಕಥೆಗಳಲ್ಲೂ ಬರುತ್ತದೆ, ಹಿರಿಯರ ಬಾಯಲ್ಲೂ ಬರುತ್ತದೆ. ಗುರು ಗ್ರಹ ಹನ್ನೆರಡು ರಾಶಿ ಸುತ್ತಿ ಬರಲು ಸುಮಾರು 12 ವರ್ಷ ಬೇಕು, ಸರಿಯಾಗಿ ಹೇಳಬೇಕೆಂದರೆ 11.86 ವರ್ಷ. ಹಾಗಾಗಿ ಗುರುವಿನ ಚಲನೆಗೂ ಸೂರ್ಯನ ಕಲೆಗೂ ನಂಟಿದೆಯಾ ಅಂತ ಕೆಲವರು ಕೇಳುತ್ತಾರೆ. ಲೆಕ್ಕ ಹಾಕಿಯೇ ನೋಡೋಣ. 1755ರಿಂದ 2019ರವರೆಗೆ ಸುಮಾರು 265 ವರ್ಷದಲ್ಲಿ ಸೂರ್ಯ 24 ಚಕ್ರ ಮುಗಿಸಿದ್ದಾನೆ. ಅಷ್ಟೇ ಸಮಯದಲ್ಲಿ ಗುರು ಸುತ್ತಿದ್ದು 22ಕ್ಕಿಂತ ಸ್ವಲ್ಪ ಜಾಸ್ತಿ. ಒಂದೇ ತಾಳಕ್ಕೆ ಕುಣಿಯುವವರಾಗಿದ್ದರೆ ಇಬ್ಬರ ನಡುವೆ ಒಂದೂವರೆಗಿಂತ ಜಾಸ್ತಿ ಸುತ್ತಿನ ಅಂತರ ಬೀಳುತ್ತಿರಲಿಲ್ಲ. ಅದೂ ಅಲ್ಲದೆ ಸೂರ್ಯನ ಚಕ್ರ ಗಡಿಯಾರ ಹಿಡಿದು ನಡೆಯುವಂಥದ್ದಲ್ಲ. 9 ವರ್ಷಕ್ಕೇ ಮುಗಿದದ್ದೂ ಇದೆ, 13 ವರ್ಷ ದಾಟಿದ್ದೂ ಇದೆ. 11 ಅನ್ನುವುದು ಬರೀ ಸರಾಸರಿ. ಎತ್ತರವೂ ಒಂದೇ ಇರುವುದಿಲ್ಲ. 1958ರ ಸುಮಾರಿಗೆ ತುದಿ ಮುಟ್ಟಿದ 19ನೇ ಚಕ್ರದಲ್ಲಿ ಕಲೆಗಳ ಸೂಚ್ಯಂಕ 285ಕ್ಕೆ ಹೋಗಿತ್ತು. 2014ರಲ್ಲಿ ತುದಿ ಮುಟ್ಟಿದ 24ನೇ ಚಕ್ರದಲ್ಲಿ ಅದು 116ಕ್ಕೇ ನಿಂತಿತು.

ಈಗ ಮಳೆ. 1876ರಲ್ಲಿ, ಧಾತು ಸಂವತ್ಸರದಲ್ಲಿ, ದಕ್ಷಿಣ ಭಾರತದಲ್ಲಿ ಮಳೆ ಕೈಕೊಟ್ಟಿತು. ಮುಂದಿನ ಎರಡು ವರ್ಷ ಮೈಸೂರು ಸಂಸ್ಥಾನ ಕಂಡ ಬರ ಅಷ್ಟಿಷ್ಟಲ್ಲ. ಕೋಲಾರ, ತುಮಕೂರು ಸೀಮೆಗಳು ತತ್ತರಿಸಿಹೋದವು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರ ಗಣತಿಯಲ್ಲಿ ಅದು 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಆ ಸಮಯದಲ್ಲಿ, 1877ರಲ್ಲಿ, ಬ್ರಿಟಿಷ್ ಸರ್ಕಾರದ ಅಂಕಿಅಂಶ ವಿಭಾಗದ ಮುಖ್ಯಸ್ಥ ಡಬ್ಲ್ಯು. ಡಬ್ಲ್ಯು. ಹಂಟರ್ ಮದ್ರಾಸಿನ ಹಳೆಯ ಮಳೆ ಲೆಕ್ಕವನ್ನೂ ಸೂರ್ಯನ ಕಲೆಗಳ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಕಲೆಗಳು ಕಡಿಮೆ ಇದ್ದ ವರ್ಷಗಳ ಆಸುಪಾಸಿನಲ್ಲಿ ಮದ್ರಾಸಿಗೆ ಮಳೆ ಕಡಿಮೆ ಅನ್ನುವುದು ಅವರ ತೀರ್ಮಾನ. 1878ರಲ್ಲಿ ಸೂರ್ಯ ಕನಿಷ್ಠ ಘಟ್ಟದಲ್ಲಿದ್ದ ಅನ್ನುವುದೂ ಇದಕ್ಕೆ ಹೊಂದಿಕೊಂಡಿತು.

ಗಮನಿಸಿದಿರಾ? ಹಂಟರ್ ಹೇಳಿದ್ದು ಕಲೆ ಕಡಿಮೆಯಾದರೆ ಬರ ಅಂತ. ನಿಮಗೆ ಬಂದ ವಾಟ್ಸಾಪ್ ಸಂದೇಶ ಹೇಳುವುದು ಕಲೆ ಜಾಸ್ತಿಯಾದರೆ ಬರ ಅಂತ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ.

ಆದರೂ ಹಂಟರ್ ಕಾಲದವರ ಪ್ರಯತ್ನವನ್ನು ನಾನು ಹಗುರವಾಗಿ ನೋಡುವುದಿಲ್ಲ. ಬರ ಬರುವುದು ಮೊದಲೇ ಗೊತ್ತಾದರೆ ಧಾನ್ಯ ಕೂಡಿಡಬಹುದು, ಜೀವ ಉಳಿಸಬಹುದು ಅನ್ನುವ ಆಸೆ ಅದರ ಹಿಂದೆ ಇತ್ತು. ಸೂರ್ಯನಿಗೂ ಮುಂಗಾರಿಗೂ ಏನು ನಂಟು ಅಂತ ತಿಳಿಯಬೇಕು ಅನ್ನುವ ಒತ್ತಾಯವೂ ಸೇರಿಯೇ 1899ರಲ್ಲಿ ಕೊಡೈಕೆನಾಲ್ ಸೌರ ವೀಕ್ಷಣಾಲಯ ಹುಟ್ಟಿದ್ದು. ಅಲ್ಲಿ 1904ರಿಂದ ಸೂರ್ಯನ ಫೋಟೋ ತೆಗೆದು ಇಟ್ಟಿದ್ದಾರೆ. ಕಲೆಯ ಅಂಚಿನಲ್ಲಿ ಅನಿಲ ಹೊರಕ್ಕೆ ಹರಿಯುತ್ತದೆ ಎಂದು 1909ರಲ್ಲಿ ಜಾನ್ ಎವರ್‌ಶೆಡ್ ಕಂಡುಕೊಂಡದ್ದೂ ಅಲ್ಲಿಯೇ. ನೂರು ವರ್ಷಕ್ಕೂ ಹಿಂದಿನ ಆ ಚಿತ್ರಗಳನ್ನು ಇವತ್ತಿಗೂ ಜಗತ್ತಿನ ವಿಜ್ಞಾನಿಗಳು ಬಳಸುತ್ತಾರೆ. ನಮ್ಮ ಬರಗಾಲದ ಸಂಕಟದಿಂದ ಹುಟ್ಟಿದ ಸಂಸ್ಥೆ ಹೀಗೆ ಬೆಳೆಯಿತು ಅನ್ನುವುದು ನನಗೆ ಯಾವಾಗಲೂ ಹೆಮ್ಮೆ ತರುವ ವಿಷಯ.

ಮಳೆಯ ನಂಟು ಮಾತ್ರ ಗಟ್ಟಿಯಾಗಿ ನಿಲ್ಲಲಿಲ್ಲ. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಗಣಿತದಲ್ಲಿ ಪಳಗಿದವರು. ಅವರು ಕಲೆಗಳ ಲೆಕ್ಕವನ್ನೂ ಬೇರೆ ಬೇರೆ ಕಡೆಯ ಮಳೆ ಲೆಕ್ಕವನ್ನೂ ತಾಳೆ ಹಾಕಿ ನೋಡಿದರು. ಮುಂಗಾರನ್ನು ಮೊದಲೇ ಹೇಳುವಷ್ಟು ಬಲವಾದ ಸಂಬಂಧ ಸಿಗಲಿಲ್ಲ. ಹುಡುಕುತ್ತ ಹೋದವರಿಗೆ ಬೇರೊಂದು ದೊಡ್ಡ ವಿಷಯ ಸಿಕ್ಕಿತು. ಪೆಸಿಫಿಕ್ ಸಾಗರದ ಕಡೆ ಗಾಳಿಯ ಒತ್ತಡ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ. ಇವತ್ತು ಟಿವಿಯಲ್ಲಿ ಎಲ್ ನಿನೋ, ಲಾ ನಿನಾ ಅಂತ ಕೇಳುತ್ತೀರಲ್ಲ, ಅದರ ಗಾಳಿಯ ಮುಖ ಇದು. ಪೆಸಿಫಿಕ್ ಸಾಗರದ ನಡುಭಾಗದ ನೀರು ಮಾಮೂಲಿಗಿಂತ ಬಿಸಿಯಾದರೆ ಎಲ್ ನಿನೋ, ತಣ್ಣಗಾದರೆ ಲಾ ನಿನಾ. 1877ರಲ್ಲಿ ಬಹಳ ಜೋರಾದ ಎಲ್ ನಿನೋ ಇತ್ತು ಅನ್ನುವುದು ಈಗ ಗೊತ್ತಾಗಿದೆ. ಧಾತು ಸಂವತ್ಸರದ ಬರ ಅಷ್ಟು ಉದ್ದಕ್ಕೆ ಎಳೆದದ್ದರ ಹಿಂದೆ ಪೆಸಿಫಿಕ್ ಸಾಗರದ ಕೈ ದೊಡ್ಡದು. ಸೂರ್ಯ ಕನಿಷ್ಠದಲ್ಲಿದ್ದದ್ದು ಅದೇ ಹೊತ್ತಿಗೆ ಬಿದ್ದ ಕಾಕತಾಳೀಯ.

ಹಳೆಯ ಕಾಲ ಬೇಡ, ನೀವೇ ಕಂಡ ವರ್ಷಗಳನ್ನು ತೆಗೆದುಕೊಳ್ಳಿ. 2018ರಲ್ಲಿ ರಾಜ್ಯದ 100 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಆಗ ಸೂರ್ಯನ ಮೇಲೆ ಕಲೆಗಳೇ ಇಲ್ಲದ ದಿನಗಳು ಎಷ್ಟೋ ಇದ್ದವು. 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಎಂಥ ಮಳೆ ಸುರಿಯಿತು ಅಂದರೆ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ನೆನೆದು ಮೊಳಕೆಯೊಡೆಯಿತು. ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಕೋಡಿ ಬಿದ್ದವು. 2022ರಲ್ಲೂ ಮಳೆ ಜೋರು. ಮರುವರ್ಷ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ರಲ್ಲಿ ಬರ. ಈ ಮೂರೂ ವರ್ಷ ಸೂರ್ಯನ ಕಲೆಗಳು ಏರುತ್ತಲೇ ಇದ್ದವು, ಒಂದೇ ದಿಕ್ಕಿನಲ್ಲಿ. ಮಳೆ ಮಾತ್ರ ಮೊದಲು ಒಂದು ಕಡೆಗೆ, ಆಮೇಲೆ ಅದರ ಉಲ್ಟಾ ಕಡೆಗೆ ಹೋಯಿತು. 2021, 2022 ಲಾ ನಿನಾ ವರ್ಷಗಳು, 2023 ಎಲ್ ನಿನೋ ವರ್ಷ. ಯಾವುದು ಯಾವುದರ ಜೊತೆ ಹೊಂದುತ್ತದೆ ಅನ್ನುವುದು ಇಷ್ಟರಲ್ಲೇ ಕಾಣುತ್ತದೆ. ಎಲ್ ನಿನೋ ಬಂದ ವರ್ಷವೆಲ್ಲ ಬರ ಬರಲೇಬೇಕು ಅಂತ ಇಲ್ಲ, ಆದರೆ ಮಳೆಗೆ ಕಲೆಗಳಿಗಿಂತ ಎಷ್ಟೋ ಪಾಲು ಒಳ್ಳೆಯ ಸುಳಿವು ಅದು.

ಹಾಗಾಗಿ ಬಿತ್ತನೆಗೆ ನೋಡಬೇಕಾದ್ದು ಹವಾಮಾನ ಇಲಾಖೆಯ ಮುನ್ಸೂಚನೆ. ಮುಂಗಾರಿನ ಬಗ್ಗೆ ಏಪ್ರಿಲ್ ಮಧ್ಯದಲ್ಲಿ ಮೊದಲನೆಯದು ಬರುತ್ತದೆ, ಮೇ ಕೊನೆಯ ಹೊತ್ತಿಗೆ ತಿದ್ದಿದ್ದು ಬರುತ್ತದೆ. ಅದರಲ್ಲೂ ನಿಮ್ಮದು ಮಳೆನೆರಳಿನ ಸೀಮೆ. ಅಲ್ಲಿ ಸೆಪ್ಟೆಂಬರ್–ಅಕ್ಟೋಬರ್ ಮಳೆಯೇ ಕೈಹಿಡಿಯುವುದು. ಜೂನ್ ಮೋಡ ನೋಡಿ ಆತುರಪಡುವುದಕ್ಕಿಂತ ನಿಮ್ಮ ಪಂಚಾಯ್ತಿಯ ಮಳೆಮಾಪಕದ ಅಂಕಿ ಮತ್ತು ಕೃಷಿ ವಿಜ್ಞಾನ ಕೇಂದ್ರದವರ ವಾರದ ಸಲಹೆ ನಂಬಿಕೊಳ್ಳುವುದು ಕ್ಷೇಮ.

ಬಿಸಿಲಿನ ಪ್ರಶ್ನೆ ಇನ್ನೂ ಸ್ವಾರಸ್ಯದ್ದು. ಕಪ್ಪು ಕಲೆ ಜಾಸ್ತಿಯಾದರೆ ಸೂರ್ಯ ಮಂಕಾಗಬೇಕು ಅಂತ ಅನಿಸುತ್ತದೆ. ಆಗುವುದು ಅದರ ಉಲ್ಟಾ. ಕಲೆಗಳ ಸುತ್ತಮುತ್ತ ಹೆಚ್ಚು ಹೊಳೆಯುವ ತೇಪೆಗಳೂ ಮೂಡುತ್ತವೆ. ಕಲೆಗಳಿಂದ ಕಳೆದುಹೋದ ಬೆಳಕಿಗಿಂತ ಈ ತೇಪೆಗಳಿಂದ ಬರುವ ಬೆಳಕು ಸ್ವಲ್ಪ ಜಾಸ್ತಿ. ಹಾಗಾಗಿ ಕಲೆ ತುಂಬಿದ ವರ್ಷದಲ್ಲಿ ಸೂರ್ಯ ತುಸು ಹೆಚ್ಚೇ ಬೆಳಗುತ್ತಾನೆ. ಎಷ್ಟು ಹೆಚ್ಚು? ಭೂಮಿಯ ವಾತಾವರಣದ ಹೊರಗೆ ಪ್ರತಿ ಚದರ ಮೀಟರಿಗೆ ಸುಮಾರು 1,361 ವ್ಯಾಟ್ ಬಿಸಿಲು ಬೀಳುತ್ತದೆ. ಗರಿಷ್ಠಕ್ಕೂ ಕನಿಷ್ಠಕ್ಕೂ ಇರುವ ವ್ಯತ್ಯಾಸ ಇದರಲ್ಲಿ ಒಂದು ವ್ಯಾಟಿನ ಆಸುಪಾಸು, ಅಂದರೆ ಶೇಕಡಾ 0.1.

ಇದನ್ನು ಇನ್ನೊಂದರ ಜೊತೆ ಇಟ್ಟು ನೋಡಿ. ಭೂಮಿ ಜನವರಿ ಮೊದಲ ವಾರದಲ್ಲಿ ಸೂರ್ಯನಿಗೆ ಹತ್ತಿರ ಇರುತ್ತದೆ, ಜುಲೈ ಮೊದಲ ವಾರದಲ್ಲಿ ದೂರ. ಈ ಒಂದು ಕಾರಣಕ್ಕೇ ಇಡೀ ಭೂಮಿಗೆ ಜುಲೈಗಿಂತ ಜನವರಿಯಲ್ಲಿ ಶೇಕಡಾ 7ರ ಹತ್ತಿರ ಜಾಸ್ತಿ ಬಿಸಿಲು ಸಿಗುತ್ತದೆ. ಕಲೆಗಳ ಚಕ್ರ ತರುವ ವ್ಯತ್ಯಾಸಕ್ಕಿಂತ ಇದು ಸುಮಾರು 70 ಪಟ್ಟು. ಅಷ್ಟಿದ್ದರೂ ಜನವರಿಯ ಬೆಳಗ್ಗೆ ಪಾವಗಡದಲ್ಲಿ ಕಂಬಳಿ ಹೊದ್ದು ಕೂರುತ್ತೀರಿ. ಬಿಸಿಲು ಯಾವ ಕೋನದಲ್ಲಿ ಬೀಳುತ್ತದೆ, ಹಗಲು ಎಷ್ಟು ಉದ್ದ, ಮೋಡ ಎಷ್ಟು, ನೆಲದಲ್ಲಿ ತೇವ ಎಷ್ಟು ಇವೆಲ್ಲ ಅಷ್ಟು ಮುಖ್ಯ.

ನಿಮ್ಮ ಕಡೆಯ ಸೋಲಾರ್ ಪಾರ್ಕ್ ಸುಮಾರು 13,000 ಎಕರೆಯಲ್ಲಿ ಹರಡಿದೆ, ಅದರ ಸಾಮರ್ಥ್ಯ 2,050 ಮೆಗಾವ್ಯಾಟ್. ಕಲೆಗಳ ಚಕ್ರದಿಂದ ಅಲ್ಲಿನ ಉತ್ಪಾದನೆ ಏರುತ್ತಾ ಇಳಿಯುತ್ತಾ? ಲೆಕ್ಕಕ್ಕೆ ಏರುತ್ತದೆ, ಸಾವಿರಕ್ಕೆ ಒಂದರಷ್ಟು. ಸಿಲಿಕಾನ್ ಪ್ಯಾನೆಲ್‌ನ ಬಿಸಿ 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಶೇಕಡಾ 0.3ರಿಂದ 0.4ರಷ್ಟು ಉತ್ಪಾದನೆ ಬೀಳುತ್ತದೆ. ಅಂದರೆ ಪ್ಯಾನೆಲ್ ಒಂದೇ ಒಂದು ಡಿಗ್ರಿ ಜಾಸ್ತಿ ಕಾದರೂ 11 ವರ್ಷದ ಚಕ್ರ ಕೊಟ್ಟಿದ್ದಕ್ಕಿಂತ ಮೂರು ಪಟ್ಟು ಹೋಯಿತು. ಒಂದು ವಾರ ಒರೆಸದೆ ಬಿಟ್ಟ ದೂಳು ಅದಕ್ಕಿಂತಲೂ ಜಾಸ್ತಿ ನುಂಗುತ್ತದೆ. ನಿಮ್ಮ ಗುತ್ತಿಗೆ ಹಣಕ್ಕೂ ಸೂರ್ಯನ ಕಲೆಗೂ ಏನೇನೂ ಸಂಬಂಧವಿಲ್ಲ, ನಿಶ್ಚಿಂತೆಯಿಂದಿರಿ.

ಭೂಮಿ ಬಿಸಿಯಾಗುತ್ತಿರುವುದಕ್ಕೂ ಇದೇ ಕಾರಣ ಅನ್ನುವವರಿದ್ದಾರೆ. ಅದು ಸರಿಯಲ್ಲ, ಇದನ್ನು ಒತ್ತಿ ಹೇಳಬೇಕು. ಚಕ್ರದ ಏರಿಳಿತದಿಂದ ಭೂಮಿಯ ಸರಾಸರಿ ಉಷ್ಣತೆ ಬದಲಾಗುವುದು ಸುಮಾರು 0.1 ಡಿಗ್ರಿ, ಅದೂ ಏರಿದ್ದು ಮತ್ತೆ ಇಳಿಯುತ್ತದೆ. 24ನೇ ಚಕ್ರ ನೂರು ವರ್ಷದಲ್ಲೇ ದುರ್ಬಲವಾದದ್ದು, ಆದರೂ ಅದೇ ವರ್ಷಗಳಲ್ಲಿ ಭೂಮಿಯ ಬಿಸಿ ದಾಖಲೆ ಮುರಿಯುತ್ತ ಹೋಯಿತು. 2024ರಲ್ಲಿ ಅದು ಕೈಗಾರಿಕೆಗಳ ಕಾಲಕ್ಕಿಂತ ಮೊದಲಿದ್ದ ಮಟ್ಟದಿಂದ 1.5 ಡಿಗ್ರಿ ದಾಟಿತು. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟು ನಾವು ಗಾಳಿಗೆ ಬಿಟ್ಟ ಇಂಗಾಲದ ಡೈಆಕ್ಸೈಡ್ ಇದರ ಮುಖ್ಯ ಕಾರಣ. 1645ರಿಂದ 1715ರವರೆಗೆ ಸೂರ್ಯನಲ್ಲಿ ಕಲೆಗಳು ಬಹುತೇಕ ಕಾಣೆಯಾಗಿದ್ದವು, ಆಗ ಯುರೋಪಿನಲ್ಲಿ ಕಡು ಚಳಿಗಾಲಗಳಿದ್ದವು ಅನ್ನುವ ಉದಾಹರಣೆ ಕೊಡುತ್ತಾರೆ. ಆ ಚಳಿಯ ಕಾಲ ಕಲೆಗಳು ಮಾಯವಾಗುವ ಮೊದಲೇ ಶುರುವಾಗಿತ್ತು, ಅವು ವಾಪಸ್ ಬಂದ ಮೇಲೂ ಮುಂದುವರಿದಿತ್ತು. ಜ್ವಾಲಾಮುಖಿಗಳ ಪಾಲೂ ಅದರಲ್ಲಿ ದೊಡ್ಡದು.

ಹಾಗಾದರೆ ಕಲೆಗಳಿಂದ ನಿಜವಾಗಿ ಆಗುವುದೇನು? ಇಲ್ಲಿಂದ ಮುಂದೆ ವಾಟ್ಸಾಪ್ ಸಂದೇಶದಲ್ಲಿ ಸ್ವಲ್ಪ ಹುರುಳಿದೆ. ಕಲೆಗಳ ಮೇಲೆ ಹುರಿಗೊಂಡ ಕಾಂತರೇಖೆಗಳು ಕೆಲವೊಮ್ಮೆ ತಟ್ಟನೆ ಹರಿದು ಮತ್ತೆ ಜೋಡಿಕೊಳ್ಳುತ್ತವೆ. ಆಗ ಎರಡು ಬಗೆಯ ಸ್ಫೋಟ ಆಗಬಹುದು. ಒಂದು ಸೌರಜ್ವಾಲೆ, ಅಂದರೆ ಎಕ್ಸ್-ರೇ ಮತ್ತು ಅತಿನೇರಳೆ ಬೆಳಕಿನ ಹೊಳಪು. ಅದು ಬೆಳಕಿನ ವೇಗದಲ್ಲೇ ಬರುವುದರಿಂದ 8 ನಿಮಿಷ ಚಿಲ್ಲರೆಯಲ್ಲಿ ನಮ್ಮನ್ನು ಮುಟ್ಟುತ್ತದೆ. ಇನ್ನೊಂದು, ಕೋಟಿ ಕೋಟಿ ಟನ್ ಅನಿಲ ಕಾಂತಕ್ಷೇತ್ರದ ಸಮೇತ ಕಿತ್ತು ಹೊರಕ್ಕೆ ಹಾರುವುದು. ಅದು ಭೂಮಿಯ ದಿಕ್ಕಿಗೆ ಬಂದರೆ ಮುಟ್ಟಲು ಸಾಮಾನ್ಯವಾಗಿ ಒಂದರಿಂದ ಮೂರು ನಾಲ್ಕು ದಿನ ಬೇಕು. ಭೂಮಿಯ ಕಾಂತಕ್ಷೇತ್ರವನ್ನು ಅದು ಅಲ್ಲಾಡಿಸಿಬಿಡುತ್ತದೆ. ಇದನ್ನೇ ಕಾಂತ ಬಿರುಗಾಳಿ ಅನ್ನುವುದು.

ದಾಖಲೆಯಲ್ಲಿರುವ ಅತಿ ದೊಡ್ಡ ಬಿರುಗಾಳಿಗಳಲ್ಲಿ ಒಂದು 1859ರ ಸೆಪ್ಟೆಂಬರಿನದು. ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಕಲೆಗಳ ಚಿತ್ರ ಬರೆಯುತ್ತಿದ್ದಾಗಲೇ ಬಿಳಿ ಹೊಳಪು ಕಂಡರು. 18 ಗಂಟೆ ಕಳೆಯುವುದರೊಳಗೆ ಭೂಮಿಗೆ ಪೆಟ್ಟು ಬಿತ್ತು. ಯುರೋಪ್, ಅಮೆರಿಕದಲ್ಲಿ ಟೆಲಿಗ್ರಾಫ್ ಕೆಟ್ಟಿತು. ಧ್ರುವಗಳ ಹತ್ತಿರ ಮಾತ್ರ ಕಾಣುವ ಬಣ್ಣದ ಬೆಳಕು ಕೆರಿಬಿಯನ್ ದ್ವೀಪಗಳವರೆಗೂ ಕಂಡಿತು. ಮುಂಬೈನ ಕೊಲಾಬಾ ವೀಕ್ಷಣಾಲಯದಲ್ಲಿ ಆ ದಿನ ಭೂಮಿಯ ಕಾಂತಕ್ಷೇತ್ರ ಎಷ್ಟು ಕುಸಿಯಿತು ಎಂದು ಬರೆದಿಟ್ಟಿದ್ದರು. ಆ ಬಿರುಗಾಳಿಯ ಬಲ ಅಳೆಯಲು ಇವತ್ತಿಗೂ ವಿಜ್ಞಾನಿಗಳು ಆ ದಾಖಲೆಯನ್ನೇ ನೋಡುತ್ತಾರೆ.

ಕರೆಂಟ್ ಹೋಗಿದ್ದಕ್ಕೂ ಉದಾಹರಣೆ ಇದೆ. 1989ರ ಮಾರ್ಚ್ 13ರಂದು ಕೆನಡಾದ ಕ್ಯುಬೆಕ್ ಪ್ರಾಂತ್ಯದ ವಿದ್ಯುತ್ ಜಾಲ ಒಂದೂವರೆ ನಿಮಿಷದಲ್ಲಿ ಕುಸಿದು 60 ಲಕ್ಷ ಜನ ಸುಮಾರು 9 ಗಂಟೆ ಕತ್ತಲಲ್ಲಿದ್ದರು. ಆದರೆ ಕ್ಯುಬೆಕ್ ಇರುವುದು ಧ್ರುವದ ಕಡೆಗೆ. ಈ ಬಗೆಯ ಅಪಾಯ ಅಲ್ಲಿ ಜಾಸ್ತಿ. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಭೂಮಧ್ಯರೇಖೆಯ ಕಡೆಗಿವೆ, ಇಲ್ಲಿ ಅದು ಬಹಳ ಕಡಿಮೆ. ನಿಮ್ಮ ಹಳ್ಳಿಯಲ್ಲಿ ಕರೆಂಟ್ ಹೋದರೆ ಟ್ರಾನ್ಸ್‌ಫಾರ್ಮರ್ ಸುಟ್ಟಿರಬೇಕು ಅಥವಾ ಲೋಡ್‌ಶೆಡ್ಡಿಂಗ್ ಇರಬೇಕು, ಸೂರ್ಯನನ್ನು ದೂರಬೇಡಿ. ಮೊಬೈಲೂ ಅಷ್ಟೇ. ಟವರಿನಿಂದ ನಿಮ್ಮ ಕೈಯಲ್ಲಿರುವ ಫೋನಿಗೆ ಬರುವ ಅಲೆ ನೆಲದ ಮೇಲೇ ಓಡಾಡುತ್ತದೆ. ಜನರ ಆರೋಗ್ಯಕ್ಕೂ ಇದರಿಂದ ಅಪಾಯವಿಲ್ಲ. ನೆಲದ ಮೇಲೆ ಇರುವವರನ್ನು ವಾತಾವರಣ ಕಾಪಾಡುತ್ತದೆ.

ನಮ್ಮ ಕಡೆ ನಿಜವಾಗಿ ಪೆಟ್ಟು ಬೀಳುವುದು ಜಿಪಿಎಸ್‌ಗೆ. ಸುಮಾರು 80 ಕಿಲೋಮೀಟರ್‌ಗಿಂತ ಮೇಲೆ ಸೂರ್ಯನ ಅತಿನೇರಳೆ ಬೆಳಕು ಗಾಳಿಯ ಕಣಗಳಿಂದ ಎಲೆಕ್ಟ್ರಾನ್‌ಗಳನ್ನು ಬಿಡಿಸಿಬಿಡುತ್ತದೆ. ಆ ಪದರಕ್ಕೆ ಅಯಾನುಗೋಳ ಅನ್ನುತ್ತಾರೆ. ಭೂಮಿಯ ಕಾಂತಕ್ಷೇತ್ರಕ್ಕೂ ಒಂದು ನಡುಗೆರೆ ಇದೆ, ಕಾಂತ ಸಮಭಾಜಕ ರೇಖೆ ಅನ್ನುತ್ತಾರೆ. ಅದು ತಮಿಳುನಾಡಿನ ತಿರುನೆಲ್ವೇಲಿ ಹತ್ತಿರ ಹಾದುಹೋಗುತ್ತದೆ. ಅದರ ಎರಡೂ ಬದಿಯ ಆಕಾಶದಲ್ಲಿ ಅಯಾನುಗೋಳ ದಟ್ಟವಾಗಿರುತ್ತದೆ, ನಾವು ಇರುವುದು ಆ ಪಟ್ಟಿಯ ಕೆಳಗೆ. ಸೂರ್ಯಾಸ್ತವಾದ ಮೇಲೆ ಈ ಪದರದಲ್ಲಿ ಎಲೆಕ್ಟ್ರಾನ್‌ಗಳು ಕಡಿಮೆ ಇರುವ ಗುಳ್ಳೆಯಂಥ ಜಾಗಗಳು ಮೇಲೇಳುತ್ತವೆ. ಉಪಗ್ರಹದಿಂದ ಬರುವ ಸಿಗ್ನಲ್ ಅವುಗಳ ಮೂಲಕ ಹಾಯುವಾಗ ಅದುರುತ್ತದೆ. ಕಲೆಗಳು ಜಾಸ್ತಿ ಇರುವ ವರ್ಷಗಳಲ್ಲಿ, ಅದರಲ್ಲೂ ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಇದು ಹೆಚ್ಚು. ಮ್ಯಾಪ್ ನೋಡಿಕೊಂಡು ಮಧುಗಿರಿಗೆ ಹೋಗುವವರಿಗೆ ಕೆಲವು ಮೀಟರ್ ಆಚೀಚೆ ಆದರೆ ಗೊತ್ತೇ ಆಗುವುದಿಲ್ಲ. ಜಮೀನಿನ ಹದ್ದುಬಸ್ತು ಅಳೆಯುವ ಸರ್ವೆಯವರ ರೋವರ್ ಅನ್ನುವ ಜಿಪಿಎಸ್ ಉಪಕರಣಕ್ಕೆ, ಔಷಧಿ ಸಿಂಪಡಿಸುವ ಡ್ರೋನ್‌ಗೆ ಅದು ದೊಡ್ಡ ವ್ಯತ್ಯಾಸವೇ.

2024ರ ಮೇ 10–11ರಂದು ಬಂದ ಬಿರುಗಾಳಿ 2003ರ ಅಕ್ಟೋಬರಿನ ನಂತರ ಅತಿ ಮೇಲಿನ ದರ್ಜೆ ಮುಟ್ಟಿದ ಮೊದಲನೆಯದು. ಆಗ ಲಡಾಖಿನ ಹಾನ್ಲೆಯ ವೀಕ್ಷಣಾಲಯದ ಕ್ಯಾಮೆರಾಗಳಲ್ಲಿ ಆಕಾಶದ ಕೆಂಪು ಬೆಳಕು ಸೆರೆಯಾಯಿತು. ಅಮೆರಿಕದಲ್ಲಿ ಅದು ಬಿತ್ತನೆಯ ಸಮಯ. ಜಿಪಿಎಸ್ ನಂಬಿ ತಾನೇ ಸಾಲು ಹಿಡಿದು ಹೋಗುವ ಟ್ರ್ಯಾಕ್ಟರ್‌ಗಳು ಸಾಲು ತಪ್ಪಿದವು, ಎಷ್ಟೋ ರೈತರು ಬಿತ್ತನೆ ನಿಲ್ಲಿಸಿ ಕಾಯಬೇಕಾಯಿತು. ಸೂರ್ಯನ ಕಲೆ ರೈತನ ಹೊಲವನ್ನು ಮುಟ್ಟುವ ದಾರಿ ಇದು. ನಮ್ಮಲ್ಲೂ ಡ್ರೋನ್ ಬಾಡಿಗೆಗೆ ತರುವುದು ಶುರುವಾಗಿದೆ. ದೊಡ್ಡ ಬಿರುಗಾಳಿಯ ಸುದ್ದಿ ಇದ್ದ ದಿನ ಆ ಕೆಲಸ ಮುಂದಕ್ಕೆ ಹಾಕಿ.

ಉಪಗ್ರಹಗಳ ಕಥೆ ಬೇರೆ. ಬಿರುಗಾಳಿ ಬಂದಾಗ ಮೇಲಿನ ಗಾಳಿ ಕಾದು ಉಬ್ಬುತ್ತದೆ, ಕೆಳಗಿನ ಕಕ್ಷೆಯಲ್ಲಿರುವ ಉಪಗ್ರಹಗಳಿಗೆ ಅದು ಅಡ್ಡವಾಗಿ ಅವು ಕೆಳಗೆ ಜಾರುತ್ತವೆ. 2022ರ ಫೆಬ್ರವರಿಯಲ್ಲಿ ಸ್ಪೇಸ್‌ಎಕ್ಸ್ ಒಂದೇ ಸಲ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹೀಗೇ ಬಿದ್ದು ಉರಿದುಹೋದವು. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುತ್ತದೆ ಅನ್ನುವ 1979ರ ಗಾಬರಿ ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಅಂದುಕೊಂಡದ್ದಕ್ಕಿಂತ ಮೊದಲೇ ಅದು ಬೀಳಲು ಆಗಿನ ಸೂರ್ಯನ ಚಟುವಟಿಕೆಯೂ ಕಾರಣ. ಇದನ್ನೆಲ್ಲ ಮೊದಲೇ ತಿಳಿಯಲಿಕ್ಕೆಂದೇ ನಮ್ಮ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಿಂದ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನನ್ನು ನೋಡುತ್ತಿದೆ. ಅದರ ಮುಖ್ಯ ಉಪಕರಣ ಸಿದ್ಧವಾದದ್ದು ಕೋಲಾರದ ದಾರಿಯಲ್ಲಿ ಸಿಗುವ ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಹತ್ತಿರವೂ ಅದೇ ಸಂಸ್ಥೆಯ ರೇಡಿಯೋ ವೀಕ್ಷಣಾಲಯ 1976ರಿಂದ ಇದೆ. ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ ಆಂಟೆನಾಗಳು 1997ರಿಂದ ಸೂರ್ಯನ ಹೊರ ವಾತಾವರಣದ ರೇಡಿಯೋ ಚಿತ್ರ ತೆಗೆಯುತ್ತಿವೆ. ರೇಡಿಯೋ ಅಲೆಗೆ ಮೋಡ ಅಡ್ಡಿಯಲ್ಲ, ಹಾಗಾಗಿ ಮಳೆಗಾಲದಲ್ಲೂ ಕೆಲಸ ನಿಲ್ಲುವುದಿಲ್ಲ. ಮಗಳ ಶಾಲೆಯವರು ಮೊದಲೇ ಪತ್ರ ಬರೆದು ಅಲ್ಲಿಗೆ ಮಕ್ಕಳನ್ನು ಕರೆದೊಯ್ಯಲು ಅನುಮತಿ ಕೇಳಲಿ.

ಗರಿಷ್ಠ ದಾಟಿತು, ಇನ್ನು ಭಯವಿಲ್ಲ ಅಂತಲೂ ಅಲ್ಲ. 2003ರ ದೊಡ್ಡ ಬಿರುಗಾಳಿಗಳು ಬಂದದ್ದು ಆ ಚಕ್ರದ ತುದಿ ದಾಟಿ ಸುಮಾರು ಎರಡು ವರ್ಷ ಆದ ಮೇಲೆ.

ಕೊನೆಗೆ ಮಗಳ ಹಟ. ಅದು ಒಳ್ಳೆಯ ಹಟ, ಈಡೇರಿಸಿ. ಬರಿಗಣ್ಣಲ್ಲಿ ಸೂರ್ಯನನ್ನು ನೋಡುವಂತಿಲ್ಲ. ಎಕ್ಸ್-ರೇ ಫಿಲ್ಮ್, ಸಿಡಿ, ಮಸಿ ಹಿಡಿದ ಗಾಜು, ಕೂಲಿಂಗ್ ಗ್ಲಾಸ್ ಯಾವುದೂ ಬೇಡ. ಕಣ್ಣಿನ ಪರದೆ ಸುಡುವಾಗ ನೋವೇ ಆಗುವುದಿಲ್ಲ, ಹಾಗಾಗಿ ಹಾಳಾದದ್ದು ತಡವಾಗಿ ಗೊತ್ತಾಗುತ್ತದೆ. ಐಎಸ್‌ಒ 12312-2 ಗುರುತಿರುವ ಗ್ರಹಣದ ಕನ್ನಡಕ ಗೀರಿಲ್ಲದೆ ಇದ್ದರೆ ದೊಡ್ಡ ಕಲೆಗಳು ಅದರಲ್ಲೇ ಚುಕ್ಕಿಯಾಗಿ ಕಾಣುತ್ತವೆ. ಆ ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್ ಅಥವಾ ಟೆಲಿಸ್ಕೋಪಿನಲ್ಲಿ ಮಾತ್ರ ಎಂದೂ ನೋಡಬಾರದು.

ಅದಕ್ಕಿಂತ ಚೆಂದದ ದಾರಿ ಕನ್ನಡಿಯದು. ಒಂದು ಸಣ್ಣ ಚಪ್ಪಟೆ ಕನ್ನಡಿಗೆ ದಪ್ಪ ಕಾಗದ ಅಂಟಿಸಿ. ಕಾಗದದ ನಡುವೆ 5 ಮಿಲಿಮೀಟರ್ ಅಗಲದ ತೂತು ಇರಲಿ. ಶಾಲೆಯಲ್ಲಿ ಕಿಟಕಿ ಬಾಗಿಲು ಮುಚ್ಚಿ ಕತ್ತಲು ಮಾಡಿದ ಒಂದು ಕೋಣೆ ಬೇಕು, ಒಂದು ಬಾಗಿಲನ್ನು ಮಾತ್ರ ಸ್ವಲ್ಪ ತೆರೆದಿಡಿ. ಕನ್ನಡಿಯನ್ನು ಅಂಗಳದ ಬಿಸಿಲಿನಲ್ಲಿ ಸ್ಟೂಲಿನ ಮೇಲೆ ಅಲುಗಾಡದಂತೆ ನಿಲ್ಲಿಸಿ, ಬೆಳಕು ಒಳಗಿನ ಬಿಳಿ ಗೋಡೆಗೆ ಬೀಳುವಂತೆ ತಿರುಗಿಸಿ. ಕನ್ನಡಿಯಿಂದ ಗೋಡೆಗೆ 20 ಮೀಟರ್ ದೂರ ಇದ್ದರೆ ಸೂರ್ಯನ ಬಿಂಬ ಸುಮಾರು 18 ಸೆಂಟಿಮೀಟರ್ ಅಗಲ ಬರುತ್ತದೆ. ದೂರ ಕಡಿಮೆಯಾದಷ್ಟೂ ಬಿಂಬ ಸಣ್ಣದಾಗಿ ಕಲೆ ಕಾಣುವುದು ಕಷ್ಟ. ಯಾರೂ ಕನ್ನಡಿಯ ಕಡೆ ಇಣುಕದಂತೆ ಒಬ್ಬರು ಕಾವಲು ನಿಲ್ಲಬೇಕು. ಸಣ್ಣ ಕಲೆಗಳು ಇದರಲ್ಲಿ ಕಾಣುವುದಿಲ್ಲ. ದೊಡ್ಡ ಗುಂಪು ಇದ್ದ ದಿನ ಗೋಡೆಯ ಮೇಲಿನ ಬಿಂಬದಲ್ಲಿ ಮಸುಕಾದ ಚುಕ್ಕಿ ಕಾಣುತ್ತದೆ. ಗುಂಪು ಇದೆಯಾ ಅಂತ ತಿಳಿಯಲು ನಾಸಾದ ಸೌರ ವೀಕ್ಷಣೆ ಜಾಲತಾಣದಲ್ಲಿ ಆ ದಿನದ ಚಿತ್ರ ನೋಡಿಕೊಳ್ಳಿ. ಬಿಂಬದ ಮೇಲೆ ಬಿಳಿ ಹಾಳೆ ಹಿಡಿದು ಮಗಳು ಸುತ್ತ ಗೆರೆ ಎಳೆದು ಚುಕ್ಕಿ ಗುರುತು ಮಾಡಲಿ, ತಾರೀಕು ಗಂಟೆ ಬರೆಯಲಿ. ಮರುದಿನ ಅದೇ ಗಂಟೆಗೆ ಇನ್ನೊಂದು ಹಾಳೆ. ಅಷ್ಟು ದಿನ ಕಲೆ ಉಳಿದರೆ ಸುಮಾರು 13 ದಿನದಲ್ಲಿ ಅದು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸಾಗುತ್ತದೆ. ಆ ಹಾಳೆಗಳನ್ನು ಸಾಲಾಗಿ ಜೋಡಿಸಿದರೆ ಸೂರ್ಯ ತನ್ನ ಸುತ್ತ ತಾನು ತಿರುಗುವುದನ್ನು ಅವಳೇ ಅಳೆಯಬಹುದು.